ಮೇಣ ಆರುವವರೆಗೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕೋಮ್ ರೀಹಾನ್ ಹಳ್ಳಿಯ ಕೋಳಿಗಳಿಗೂ ಬೆಳಕು ಹರಿದದ್ದು ತಿಳಿಯದೆ ಗೂಡಿನಲ್ಲೇ ಕುಳಿತಿದ್ದವು. ತೂಬಾ ತಿಂಗಳ ನಡುಚಳಿಗಾಲ. ನೈಲ್ ನದಿಯಿಂದ ಎದ್ದ ಬಿಳಿ ಉಸಿರು ಕಬ್ಬಿನ ಗದ್ದೆ, ಕಾಲುವೆ, ಮಸೀದಿಯ ಮಿನಾರು, ಇಗರ್ಜಿಯ ಶಿಲುಬೆ ಎಲ್ಲವನ್ನೂ ಒಂದೇ ಕಂಬಳಿಯೊಳಗೆ ಹಾಕಿಕೊಂಡಿತ್ತು. ಒಡೆಯನು ತನ್ನ ಲೋಕವನ್ನು ಸ್ವಲ್ಪ ಹೊತ್ತು ಯಾರಿಗೂ ತೋರಿಸದೆ ಇಟ್ಟುಕೊಂಡ ಹಾಗಿತ್ತು.

ಪಟ್ಟಣಕ್ಕೆ ಹೊರಟ ವ್ಯಾನಿನ ಚಾಲಕ ಸಿದ್‌ಹೋಮ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯನ್ನು ಮೂಸಿ ನೋಡುವವನಂತೆ ಗಾಡಿ ಓಡಿಸುತ್ತಿದ್ದ.

"ಶೇಖಮ್ಮಾ, ಇವತ್ತು ನಿಮಗೂ ನನಗೂ ಕಣ್ಣು ಒಂದೇ" ಎಂದು ಕೂಗಿದ.

"ಹಾಗಾದ್ರೆ ಚಕ್ರ ಈ ಕಡೆ ಕೊಡಪ್ಪಾ. ಕತ್ತಲಲ್ಲಿ ಓಡಾಡಿ ನಂಗೆ ಅರವತ್ತು ವರ್ಷದ ಅಭ್ಯಾಸ ಇದೆ. ನಿಂದು ಇವತ್ತು ಬೆಳಿಗ್ಗೆ ಶುರುವಾಗಿದ್ದು!"

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಶೇಖಾ ತಫೀದಾ ಹುಟ್ಟು ಕುರುಡಿ. ಏಳನೇ ವಯಸ್ಸಿಗೆ ಕುರ್‌ಆನನ್ನು ಪೂರ್ತಿಯಾಗಿ ಎದೆಗಿಳಿಸಿಕೊಂಡವಳು, ಅದಕ್ಕೇ ಶೇಖಾ ಎನಿಸಿಕೊಂಡವಳು. ಅವಳ ಜಗಲಿಯಲ್ಲಿ ಕುಳಿತು ಓದು ಕಲಿಯದ ಮಕ್ಕಳು ಆ ಹಳ್ಳಿಯಲ್ಲಿಲ್ಲ. ಮೂರು ವರ್ಷದ ಹಿಂದೆ ಕೊನೆಯ ಹಲ್ಲೂ ಉದುರಿತು. ಅಂದಿನಿಂದ ಅವಳ ಬಾಯಿಂದ ಕೆಲವು ಅಕ್ಷರಗಳು ಗಾಳಿಯಾಗಿ ಸೋರಿಹೋಗತೊಡಗಿದ್ದವು. ಮಕ್ಕಳು ಆ ಸೋರಿಕೆಯನ್ನೂ ಭಕ್ತಿಯಿಂದ ಕಲಿತು ಹಾಗೆಯೇ ಒಪ್ಪಿಸುತ್ತಿದ್ದರು. ಅದು ಶೇಖಾಳ ನಿದ್ದೆ ಕೆಡಿಸಿದ ಸಂಗತಿ. "ದೇವರ ಮಾತು ನನ್ನ ಬೊಚ್ಚುಬಾಯಿಂದ ಕೆಡಬಾರದು" ಎಂದೇ ಅವಳು ಹಲ್ಲು ಕಟ್ಟಿಸಿಕೊಳ್ಳಲು ಒಪ್ಪಿದ್ದು.

ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕುಳಿತಿದ್ದ ಬಾತುಕೋಳಿ ಮಾರುವವಳು, "ಹಲ್ಲು ಬಂದ್ಮೇಲೆ ನಮ್ಮ ಶೇಖಮ್ಮಂಗೆ ಒಂದು ಗಂಡು ನೋಡ್ಬೇಕು" ಎಂದಳು.

"ಗಂಡು ನೀನೇ ಇಟ್ಕೊಳೇ. ನಂಗೆ ಆ ಬುಟ್ಟೀಲಿರೋದ್ರ ಒಂದು ತೊಡೆ ಸಾಕು. ಮೂಳೆ ಕಡಿದು ಮೂರು ವರ್ಷ ಆಯ್ತು."

ಮತ್ತೆ ನಗೆ ಎದ್ದಿತು. ಶೇಖಾಳ ಪಕ್ಕದಲ್ಲಿ ಕುಳಿತಿದ್ದ ಇನ್ಷಿರಾಹ್ ಮಾತ್ರ ನಗಲಿಲ್ಲ. ಅವಳ ಬೆರಳುಗಳು ತಲೆವಸ್ತ್ರದ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದವು. ಎರಡು ಸಾಕಾಗುವಲ್ಲಿ ಅವಳು ಆರು ಚುಚ್ಚಿಕೊಂಡಿದ್ದಳು.

ಇನ್ಷಿರಾಹ್ ದಂತವೈದ್ಯದ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ಆ ಕಾಲೇಜಿನಲ್ಲಿ ರೋಗಿಯನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ಹೀಗಾಗಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಬಾಯಿಗಳನ್ನೆಲ್ಲ ಬಲ್ಲವನಾಗಿರುತ್ತಾನೆ. ಯಾರ ದವಡೆ ಹಲ್ಲು ಹುಳುಕು, ಯಾರ ಮಾವನಿಗೆ ಒಂದು ಹಲ್ಲೂ ಇಲ್ಲ, ಎಲ್ಲ ಲೆಕ್ಕವೂ ತಲೆಯಲ್ಲಿ. ಪೂರ್ತಿ ಸೆಟ್ಟು ಕಟ್ಟುವುದಕ್ಕೆ ಐದು ಹಂತ. ಒಂದೊಂದು ಹಂತ ಮುಗಿದಾಗಲೂ ಮೇಲ್ವಿಚಾರಕರು ನೋಡಿ, ವಿದ್ಯಾರ್ಥಿಯ ಹಸಿರು ಪುಸ್ತಕದಲ್ಲಿ ಸಹಿ ಹಾಕಬೇಕು. ಮೂರು ಸಹಿಯಾದರೂ ಬಿದ್ದ ಪುಸ್ತಕವನ್ನು ನಾಳೆ ಮಧ್ಯಾಹ್ನದೊಳಗೆ ಕಚೇರಿಗೆ ಕೊಡದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಇನ್ಷಿರಾಹ್‌ಳ ಪುಸ್ತಕದಲ್ಲಿ ಒಂದೇ ಸಹಿ ಇತ್ತು. ಮತ್ತು ಆ ಪುಸ್ತಕ ಅವಳ ಬಳಿ ಇರಲಿಲ್ಲ. ಎರಡು ವಾರದ ಹಿಂದೆ, ಎರಡನೇ ಅಚ್ಚು ತೆಗೆದ ದಿನ, ಅವಳ ತಂಡದ ಮೇಲ್ವಿಚಾರಕ ಡಾಕ್ಟರ್ ನಾದಿರ್ "ನಿಧಾನವಾಗಿ ನೋಡಿ ಕೊಡ್ತೀನಿ" ಎಂದು ಅದನ್ನು ತನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದ. ಕೇಳಲು ಹೋದಾಗಲೆಲ್ಲ ಅವನ ಕೈ ಅವಳ ಭುಜಕ್ಕೋ ಬೆನ್ನಿಗೋ ಬರುತ್ತಿತ್ತು. ಈ ಎರಡು ವಾರದಲ್ಲಿ ಅವಳು ಎರಡು ಅಳತೆ ದೊಡ್ಡದಾದ ಬಿಳಿ ಕೋಟು ಹೊಲಿಸಿಕೊಂಡಿದ್ದಳು. ಅವನ ಕೋಣೆ ತಪ್ಪಿಸಲು ಹಿಂದಿನ ಮೆಟ್ಟಿಲು ಹತ್ತುತ್ತಿದ್ದಳು. ಮನೆಯಲ್ಲಿ ಹೇಳುವಂತಿಲ್ಲ. ಅಪ್ಪ ಒಳ್ಳೆಯವನೇ, ಆದರೆ ಅವನ ಉತ್ತರ ಅವಳಿಗೆ ಗೊತ್ತಿತ್ತು. "ಓದು ಸಾಕು ಮಗಳೇ, ಮನೇಲಿರು" ಎನ್ನುತ್ತಾನೆ. ಅವನ ಆ ಒಂದು ಪ್ರೀತಿಯ ಮಾತಿಗೆ ನಾಲ್ಕು ವರ್ಷವೂ ಮಣ್ಣಾಗುತ್ತದೆ.

"ಡಾಕ್ಟ್ರಮ್ಮಾ" ಎಂದಳು ಶೇಖಾ. "ಉಸಿರು ಬಿಡು. ಕಾಲುವೆ ದಾಟಿದಾಗಿಂದ ಹಿಡ್ಕೊಂಡಿದೀಯ."

*

ಚಿಕಿತ್ಸೆಯ ಹಜಾರದಲ್ಲಿ ಇಪ್ಪತ್ತು ಕುರ್ಚಿ. ಮಂಜಿನಿಂದಾಗಿ ಅಂದು ಐದಾರು ಜನ ಮಾತ್ರ ಬಂದಿದ್ದರು. ನರ್ಸ್ ಅಫಾಫ್ ತಟ್ಟೆಯಲ್ಲಿ ಬಿಸಿನೀರು, ಚಾಕು, ಮೇಣ ತಂದಿಟ್ಟು ಇನ್ಷಿರಾಹ್‌ಳ ಮುಖ ನೋಡಿದಳು. ಅವಳಿಗೆ ಐವತ್ತು ದಾಟಿತ್ತು. ಆ ಹಜಾರದಲ್ಲಿ ಅವಳಿಗೆ ತಿಳಿಯದೆ ಹತ್ತಿ ಕೂಡ ಅಲ್ಲಾಡುತ್ತಿರಲಿಲ್ಲ.

"ಪುಸ್ತಕ ಬಂತಾ?"

"ಇಲ್ಲ ಸಿಸ್ಟರ್."

"ತಡ್ಕೋ ತಾಯಿ. ಇನ್ನೊಂದು ವರ್ಷ. ಎಲ್ಲಾರೂ ತಡ್ಕೊಂಡೇ ಹೋಗಿದಾರೆ." ಹೇಳಿ, ತನ್ನ ಮಾತು ತನಗೇ ಹಿಡಿಸದವಳಂತೆ ಬೇಗ ಆಚೆ ಹೋದಳು.

ಅಂದಿನದು ಮೂರನೇ ಹಂತ, ಬಾಯಿಯ ಅಳತೆ. ಮೇಲಿನ ದವಡೆಗೊಂದು, ಕೆಳಗಿನ ದವಡೆಗೊಂದು ಮೇಣದ ದಿಂಡು ಕೂರಿಸಿ, ರೋಗಿ ಸಹಜವಾಗಿ ಬಾಯಿ ಮುಚ್ಚುವ ಜಾಗ ಕಂಡುಹಿಡಿದು, ಎರಡನ್ನೂ ಬಿಸಿಮೇಣದಿಂದ ಬೆಸೆಯಬೇಕು. ಆ ಮೇಣ ಆರುವವರೆಗೆ ತುಟಿ ಬಿಚ್ಚುವಂತಿಲ್ಲ, ನಾಲಿಗೆ ಅಲ್ಲಾಡಿಸುವಂತಿಲ್ಲ. ಕೂದಲೆಳೆಯಷ್ಟು ಸರಿದರೂ ಮುಂದೆ ಕಟ್ಟುವ ಹಲ್ಲು ಬಾಯಿಗೆ ಕೂರುವುದಿಲ್ಲ.

ಇನ್ಷಿರಾಹ್ ಬಿಸ್ಮಿಲ್ಲಾ ಎಂದು ಶುರುಮಾಡಿದಳು. ಕೆಲಸಕ್ಕೆ ಇಳಿದಾಗ ಅವಳ ಕೈ ಬೇರೆಯೇ ಆಗುತ್ತಿತ್ತು. ಮೇಣ ಕರಗಿತು, ಸವರಿಕೊಂಡಿತು, ಸಮಕ್ಕೆ ಬಂತು. "ನುಂಗಿ ಶೇಖಮ್ಮಾ. ಹಾಂ, ಹಾಗೇ ಬಾಯಿ ಮುಚ್ಚಿ. ಇನ್ನು ನಾನು ಹೇಳೋವರೆಗೂ ಅಲ್ಲಾಡ್ಬೇಡಿ."

ಆಗಲೇ ಬಂತು ಆ ವಾಸನೆ. ಅತ್ತರಿನದು, ಲವಂಗದಂತೆ ಖಾರವಾದದ್ದು. ಅವನ ಎಡಗಾಲಿನ ಬೂಟು ಕಿರುಗುಟ್ಟುತ್ತ ಹತ್ತಿರವಾಯಿತು. ಶೇಖಾಳ ತುಟಿಯಂಚಿಗೆ ಆನಿಸಿಕೊಂಡಿದ್ದ ಇನ್ಷಿರಾಹ್‌ಳ ಬೆರಳುಗಳು ಕೈಗವಸಿನ ರಬ್ಬರಿನೊಳಗೇ ತಣ್ಣಗಾದವು.

ನಾದಿರ್ ಅವಳ ಹಿಂದೆ ಬಂದು ನಿಂತ. ಕೆಲಸ ನೋಡುವವನಂತೆ ಬಾಗಿದ. ಅವನ ಕೈ ದೊಡ್ಡ ಕೋಟಿನ ಮೇಲಿಂದಲೇ ಅವಳ ಸೊಂಟ ಹುಡುಕಿಕೊಂಡಿತು. ಅವಳು ಸರಿಯುವಂತಿರಲಿಲ್ಲ. ಸರಿದರೆ ಶೇಖಾಳ ದವಡೆ ಜಾರುತ್ತದೆ, ಅಳತೆ ಹಾಳಾಗುತ್ತದೆ.

"ನಿನ್ನ ಹಸಿರು ಪುಸ್ತಕ ನನ್ನ ಖಾನೇಲಿ ಬೆಚ್ಚಗಿದೆ" ಎಂದ, ಮೆಲ್ಲಗೆ. "ಇವತ್ತು ಅಸರ್ ಬಾಂಗ್ ಆದ್ಮೇಲೆ ನನ್ನ ಕ್ಲಿನಿಕ್ಕಿಗೆ ಬಾ. ಒಬ್ಳೇ ಬಾ. ಬಂದ್ರೆ ಎರಡೂ ಸಹಿ. ಬರದಿದ್ರೆ ಈನಾಸ್ ಹೋದ ದಾರಿ ಗೊತ್ತಲ್ಲ?"

"ಡಾಕ್ಟರ್, ಅಜ್ಜಿ ಇದಾರೆ" ಎಂದಳು.

"ಇವಳಾ? ಕಣ್ಣಿಲ್ಲ, ಬಾಯ್ತುಂಬಾ ಮೇಣ. ಗೋಡೆಗಿಂತ ಒಳ್ಳೆಯವಳು." ನಕ್ಕ. ಕೈ ಒಮ್ಮೆ ಬಿಗಿಯಾಗಿ, ಬಿಟ್ಟಿತು. ಬೂಟು ಕಿರುಗುಟ್ಟುತ್ತ ದೂರವಾಯಿತು.

ಶೇಖಾ ಅಲ್ಲಾಡಲಿಲ್ಲ. ಅವಳ ತುಟಿ ಹಾಗೆಯೇ ಮುಚ್ಚಿತ್ತು. ಮಡಿಲಲ್ಲಿದ್ದ ಬಲಗೈಯ ಹೆಬ್ಬೆರಳು ಮಾತ್ರ ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಓಡುತ್ತಿತ್ತು. ಮಕ್ಕಳು ಪಾಠ ಒಪ್ಪಿಸುವಾಗ ಅವಳು ಹಾಗೆಯೇ ಮಾಡುತ್ತಿದ್ದಳು. ಇನ್ಷಿರಾಹ್ ಮೇಣಕ್ಕೆ ತಣ್ಣೀರು ಹನಿಸಿದಳು, ಕಾದಳು. ಅವಳ ಕಣ್ಣೀರು ಮೂಗಿನ ಮುಸುಕಿನೊಳಗೆ ಇಳಿಯುತ್ತಿತ್ತು. ಕೊನೆಗೆ ಅಳತೆಯನ್ನು ಇಡಿಯಾಗಿ ಹೊರತೆಗೆದು ತಟ್ಟೆಯಲ್ಲಿಟ್ಟಳು.

ಶೇಖಾ ಬಾಯಿ ಮುಕ್ಕಳಿಸಿ ಉಗಿದಳು.

"ಕೆಟ್ಟಿಲ್ಲ ತಾನೆ?"

"ಇಲ್ಲ."

"ಸದ್ಯ. ಅದಕ್ಕೇ ಸುಮ್ನಿದ್ದೆ. ಹಲ್ಲಿದ್ದಿದ್ರೆ ಅವನ ಕೈ ಕಚ್ತಿದ್ದೆ, ಆಮೇಲೆ ನಿನ್ನ ಕೆಲಸ ಕೆಡ್ತಿತ್ತು." ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು. "ಇದು ಮೊದಲನೇ ಸಲ ಅಲ್ಲ. ಹೋದ ಸಲಾನೂ ಆ ವಾಸನೆ ಬಂದಾಗ ನಿನ್ನ ಬೆರಳು ನನ್ನ ಬಾಯಲ್ಲೇ ಹಿಮ ಆಗಿತ್ತು. ಚಳಿ ಅಂದ್ಕೊಂಡೆ. ದೇವರು ನನ್ನ ಕ್ಷಮಿಸಲಿ."

"ಶೇಖಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಅಪ್ಪಂಗೆ ಹೇಳ್ಬೇಡಿ."

"ನಿನ್ನಪ್ಪಂಗೆ ನಾನ್ಯಾಕೆ ಹೇಳ್ಲಿ? ಈ ಈನಾಸ್ ಯಾರು?"

ಆ ಹೆಸರು ಇನ್ಷಿರಾಹ್‌ಳ ಎದೆಯಲ್ಲಿ ಒಂದು ವರ್ಷದಿಂದ ಮುಳ್ಳಾಗಿ ಕೂತಿತ್ತು. ಅವಳು ಕುರ್ಚಿಯ ಪಕ್ಕ ನೆಲಕ್ಕೇ ಕುಸಿದು ಹೇಳಿದಳು. ಹೋದ ವರ್ಷ ಪಕ್ಕದ ಕುರ್ಚಿ ಈನಾಸಳದು. ಅವಳಿಗೂ ಇದೇ ಕೈ, ಇದೇ ಖಾನೆ. ಈನಾಸ್ ಬಾಯಿಬಿಟ್ಟು ದೂರು ಕೊಟ್ಟಳು. ಕಂಡವರಿದ್ದಾರೆಯೇ ಎಂದು ವಿಭಾಗದ ಮುಖ್ಯಸ್ಥರು ಕೇಳಿದಾಗ, ಇನ್ಷಿರಾಹ್ ಇದ್ದಳು ಎಂದಳು.

"ನಾನು ಏನಂದೆ ಗೊತ್ತಾ ಶೇಖಮ್ಮಾ? ನನ್ನ ರೋಗಿ ಬಾಯಿ ನೋಡ್ತಿದ್ದೆ, ಏನೂ ಕಾಣ್ಲಿಲ್ಲ ಅಂದೆ. ಕಂಡಿದ್ದೆ. ಪೂರ್ತಿ ಕಂಡಿದ್ದೆ. ಮುಂದಿನ ವರ್ಷ ನನ್ನ ಸಹಿನೂ ಅವನೇ ಹಾಕ್ಬೇಕಲ್ಲ ಅಂತ..."

ಈನಾಸ್ ಸುಳ್ಳಿ ಎನಿಸಿಕೊಂಡು ಮನೆಗೆ ಹೋದಳು. ಮರಳಿ ಬರಲಿಲ್ಲ.

ಬೈಯುತ್ತಾಳೆಂದು ಇನ್ಷಿರಾಹ್ ಕಾದಳು. ಮುದುಕಿಯ ಕೈ ಗಾಳಿಯಲ್ಲಿ ಹುಡುಕಿ ಅವಳ ತಲೆಯ ಮೇಲೆ ಬಂದು ನಿಂತಿತು.

"ನಮ್ಮ ಕಸುಬಲ್ಲಿ ಒಂದು ಕಟ್ಟಳೆ ಇದೆ ಮಗಳೇ. ಕೇಳಿದ್ದನ್ನ ಕೇಳಿದ ಹಾಗೇ ದಾಟಿಸ್ಬೇಕು. ಒಂದಕ್ಷರ ಕೂಡಿಸೋ ಹಾಗಿಲ್ಲ, ಒಂದಕ್ಷರ ನುಂಗೋ ಹಾಗಿಲ್ಲ. ನುಂಗಿದೋನು ಇನ್ಮೇಲೆ ಓದ್ಸೋದಕ್ಕೆ ಲಾಯಕ್ಕಲ್ಲ. ನಾನು ಇವತ್ತು ಕೇಳಿಸ್ಕೊಂಡಿದೀನಿ. ಯಾರು ಕೇಳಿದ್ರೂ ಹೇಳ್ತೀನಿ. ಆದ್ರೆ ಕೈ ಏನು ಮಾಡ್ತು ಅಂತ ನಾನು ಕಂಡಿಲ್ಲ. ಅದನ್ನ ನೀನೇ ಹೇಳ್ಬೇಕು. ಹೋದ ವರ್ಷದ್ದೂ ನೀನೇ ಹೇಳ್ಬೇಕು." ಕೋಲು ತಡಕಿದಳು. "ಆ ಮುಖ್ಯಸ್ಥರ ಕೋಣೆ ಯಾವ ಕಡೆ?"

"ಶೇಖಮ್ಮಾ, ವರ್ಷ ಹೋಗತ್ತೆ."

"ಹೋಗ್ಬಹುದು. ಸಂಜೆ ಕ್ಲಿನಿಕ್ಕಿಗೆ ಹೋದ್ರೆ ಏನೇನು ಹೋಗತ್ತೆ, ಅದನ್ನೂ ಎಣಿಸ್ಕೋ. ನಾನೇನೂ ನಿನ್ನ ಎಳ್ಕೊಂಡು ಹೋಗಲ್ಲ. ಕುರುಡಿ ನಾನು, ನೀನೇ ನನ್ನ ಕೈ ಹಿಡಿದು ಕರ್ಕೊಂಡು ಹೋಗ್ಬೇಕು."

ಇನ್ಷಿರಾಹ್ ಎದ್ದಳು. ತಟ್ಟೆಯ ಮೇಣದ ಅಳತೆಯನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು. ಮುದುಕಿಯ ಕೈ ಹಿಡಿದಳು.

*

ಮುಖ್ಯಸ್ಥರ ಬಾಗಿಲು ಅರ್ಧ ತೆರೆದಿತ್ತು. ಹಜಾರದಿಂದ ಇಬ್ಬರೂ ಆ ಕಡೆ ತಿರುಗಿದ್ದನ್ನು ಕಂಡ ನಾದಿರ್ ಆಗಲೇ ಒಳಗಿದ್ದ. ಅವನ ತಗ್ಗಿದ ಧ್ವನಿ ಗೊಣಗೊಣ ಎನ್ನುವುದಷ್ಟೇ ಇನ್ಷಿರಾಹ್‌ಗೆ ಕೇಳಿತು. ಒಳಗೆ ಹೋಗಲು ಕಾಲೆತ್ತಿದವಳನ್ನು ಶೇಖಾ ತಡೆದು ನಿಲ್ಲಿಸಿದಳು. ತಲೆ ವಾಲಿಸಿ ನಿಂತಳು. ಆಮೇಲೆ, "ನಡಿ" ಎಂದಳು.

ಮುಖ್ಯಸ್ಥ ಡಾಕ್ಟರ್ ಫಿಕ್ರಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಜಗಳವೆಂದರೆ ತಲೆನೋವು ಬರುವ ಮನುಷ್ಯ. ಬಂದವರನ್ನು ನೋಡಿ ಕನ್ನಡಕ ತೆಗೆದು ಒರೆಸಿದರು.

"ಏನಮ್ಮಾ?"

"ಸರ್, ನನ್ನ ಹಸಿರು ಪುಸ್ತಕ ಬೇಕು. ಡಾಕ್ಟರ್ ನಾದಿರ್ ಅವರ ಹತ್ರ ಎರಡು ವಾರದಿಂದ ಇದೆ."

"ಕೊಡೋದಕ್ಕೇನಿದೆ" ಎಂದ ನಾದಿರ್, ಚಹಾದ ಲೋಟ ಕೆಳಗಿಡದೆ. "ಸಹಿ ಹಾಕೋ ಹಾಗೆ ಕೆಲಸ ಇದ್ರೆ ತಾನೆ? ಕೈ ನೋಡಿ ಸರ್, ನಡುಗತ್ತೆ. ಹಲ್ಲಿನ ಡಾಕ್ಟರಿಗೆ ಇರೋ ಕೈಯಾ ಇದು?"

ಕೈ ನಿಜವಾಗಿಯೂ ನಡುಗುತ್ತಿತ್ತು.

"ಅವರು ಸಂಜೆ ಕ್ಲಿನಿಕ್ಕಿಗೆ ಒಬ್ಬಳೇ ಬಾ ಅಂದ್ರು ಸರ್. ಬಂದ್ರೆ ಸಹಿ ಅಂದ್ರು."

"ನೋಡಿದ್ರಾ!" ನಾದಿರ್ ನಕ್ಕ. ಫಿಕ್ರಿ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡರು.

"ಮಗಳೇ, ಇಂಥ ಮಾತಿಗೆ ಸಾಕ್ಷಿ ಬೇಕು. ಹೋದ ವರ್ಷ ಏನಾಯ್ತು ನಿಂಗೇ ಗೊತ್ತು."

"ನಾನು ಕೇಳಿದೀನಿ" ಎಂದಳು ಶೇಖಾ.

"ಈ ಅಜ್ಜಿಗೆ ಹುಡುಗಿ ದಾರೀಲಿ ಕಲಿಸ್ಕೊಂಡು ಬಂದಿದಾಳೆ ಸರ್."

ಶೇಖಾ ಕೋಲನ್ನು ಎರಡು ಕೈಯಲ್ಲೂ ಹಿಡಿದು ನೆಟ್ಟಗೆ ನಿಂತಳು. ಮಕ್ಕಳ ಮುಂದೆ ಕೂರುವಾಗಿನ ಧ್ವನಿ, ತಾಳದಲ್ಲಿ ಅಳೆದಂತೆ.

"ಕೇಳಿದೋಳು ಕೋಮ್ ರೀಹಾನಿನ ಇಬ್ರಾಹಿಮನ ಮಗಳು ತಫೀದಾ. ಆಡಿದೋನು ಈ ಕೋಣೇಲಿ ನನ್ನ ಬಲಕ್ಕೆ ಕೂತು ಚಹಾ ಕುಡೀತಿರೋನು, ಎಡಗಾಲಿನ ಬೂಟು ಕಿರುಗುಟ್ಟೋನು. ಮಾತು ಇದು: 'ನಿನ್ನ ಹಸಿರು ಪುಸ್ತಕ ನನ್ನ ಖಾನೇಲಿ ಬೆಚ್ಚಗಿದೆ. ಇವತ್ತು ಅಸರ್ ಬಾಂಗ್ ಆದ್ಮೇಲೆ ನನ್ನ ಕ್ಲಿನಿಕ್ಕಿಗೆ ಬಾ. ಒಬ್ಳೇ ಬಾ. ಬಂದ್ರೆ ಎರಡೂ ಸಹಿ. ಬರದಿದ್ರೆ ಈನಾಸ್ ಹೋದ ದಾರಿ ಗೊತ್ತಲ್ಲ?' ಹುಡುಗಿ ಅಂದ್ಲು, 'ಡಾಕ್ಟರ್, ಅಜ್ಜಿ ಇದಾರೆ.' ಇವನು ಅಂದ, 'ಇವಳಾ? ಕಣ್ಣಿಲ್ಲ, ಬಾಯ್ತುಂಬಾ ಮೇಣ. ಗೋಡೆಗಿಂತ ಒಳ್ಳೆಯವಳು.' ಆಮೇಲೆ ನಕ್ಕ."

ಶೇಖಾ ಬಲಕ್ಕೆ ತಿರುಗಿದಳು.

"ಕಲಿಸಿದ್ದು ಅಂತೀಯಪ್ಪಾ. ಸರಿ. ಈಗ ನಾವು ಬಾಗಿಲಲ್ಲಿ ನಿಂತಿದ್ದಾಗ ನೀನು ಇವರಿಗೆ ಮೆಲ್ಲಗೆ ಹೇಳಿದ್ದು, ಇವಳಿಗೂ ಕೇಳಿಸ್ಲಿಲ್ಲ, ಅದನ್ನ ಯಾರು ಕಲಿಸಿದ್ರು ನಂಗೆ? 'ಹಳ್ಳಿ ಹುಡುಗೀರು ಸರ್, ಫೇಲಾಗೋ ಭಯಕ್ಕೆ ಮಸಿ ಬಳೀತಾರೆ. ಹೋದ ವರ್ಷದೋಳ ಥರಾನೇ ಇವಳನ್ನೂ ಅಳಿಸಿ ಕಳಿಸಿ, ಪರೀಕ್ಷೆ ಮುಗೀಲಿ.' ನೀವು ಅಂದ್ರಿ ಸ್ವಾಮಿ, 'ಯಾಕಪ್ಪಾ ಪ್ರತಿ ವರ್ಷ ನಿನ್ನ ತಂಡದಲ್ಲೇ ಆಗತ್ತೆ?' ಇವನು ಉತ್ತರ ಕೊಡ್ಲಿಲ್ಲ. ಲೋಟಕ್ಕೆ ಸಕ್ಕರೆ ಹಾಕ್ಕೊಂಡ. ಎರಡು ಚಮಚ."

ಫಿಕ್ರಿ ಕನ್ನಡಕ ಹಾಕಿಕೊಂಡರು. ಅವರ ಮುಖದ ಬಣ್ಣ ಬದಲಾಗಿತ್ತು. ತಮ್ಮದೇ ಪ್ರಶ್ನೆ ತಮಗೆ ತಿರುಗಿ ಬಂದು ಎದುರು ನಿಂತಿತ್ತು.

"ಹೋದ ವರ್ಷದ ಹುಡುಗಿ, ಮುಟ್ಟಿದ ಅಂತಾನೂ ಹೇಳಿದ್ಲು. ಇವತ್ತು ಇವನು ಮುಟ್ಟಿದ್ದನ್ನ ಕಂಡಿರಾ?"

"ಕಣ್ಣಿಲ್ಲ ಸ್ವಾಮಿ. ಕಾಣದ್ದನ್ನ ಹೇಳಲ್ಲ."

ಅಷ್ಟು ಹೇಳಿ ಶೇಖಾ ಬಾಯಿ ಮುಚ್ಚಿದಳು. ಆ ಮುಚ್ಚಿದ ಬಾಯಿಯ ಕಡೆಗೊಮ್ಮೆ ನೋಡಿ, ಇನ್ನು ಕಾಯುವಂತಿಲ್ಲ ಎಂದು ಇನ್ಷಿರಾಹ್‌ಗೆ ತಿಳಿಯಿತು.

"ಮುಟ್ಟಿದ್ರು ಸರ್" ಎಂದಳು. "ಇವತ್ತು ಸೊಂಟಕ್ಕೆ. ಹೋದ ವಾರ ಅವರ ಕೋಣೇಲಿ ಬೆನ್ನಿಗೆ, ಭುಜಕ್ಕೆ. ಅಳತೆ ಕೆಡತ್ತೆ ಅಂತ ನಾನು ಅಲ್ಲಾಡ್ಲಿಲ್ಲ." ಫಿಕ್ರಿಯವರ ಕಡೆ ಒಂದು ಹೆಜ್ಜೆ ಮುಂದೆ ಬಂದಳು. "ಹೋದ ವರ್ಷ ಈನಾಸ್ ಹೇಳಿದ್ದೂ ನಿಜ. ಇದೇ ಕೋಣೇಲಿ ನಿಂತು ಏನೂ ಕಾಣ್ಲಿಲ್ಲ ಅಂದೆನಲ್ಲ, ಸುಳ್ಳು ಹೇಳಿದೆ. ಎಲ್ಲಾ ಕಂಡಿದ್ದೆ. ಅದಕ್ಕೆ ನಂಗೇನು ಶಿಕ್ಷೆ ಕೊಟ್ರೂ ಕೊಡಿ. ಎರಡನ್ನೂ ಬರ್ಕೊಳ್ಳಿ."

"ಇದು ನಾಟಕ!" ನಾದಿರ್ ಎದ್ದು ನಿಂತ. ಲೋಟ ತಟ್ಟೆಯ ಮೇಲೆ ಕುಣಿಯಿತು. "ಆ ಪುಸ್ತಕ ನನ್ನ ಹತ್ರ ಇಲ್ಲವೇ ಇಲ್ಲ. ಎಲ್ಲಿ ಕಳ್ಕೊಂಡಳೋ!"

"ಎರಡನೇ ಖಾನೇಲಿದೆ ಸರ್."

ಬಾಗಿಲಲ್ಲಿ ನರ್ಸ್ ಅಫಾಫ್ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳ ಕೈಯಲ್ಲಿ ಹಜಾರದ ಬೀಗದ ಕೈಗಳ ಗೊಂಚಲು.

"ಒಂದಲ್ಲ, ಎರಡಿವೆ. ಈನಾಸಳದೂ ಅಲ್ಲೇ ಇದೆ. ದಿನಾ ಒರೆಸೋಳು ನಾನು. ನೀವು ಹೂಂ ಅಂದ್ರೆ ತರ್ತೀನಿ."

ಫಿಕ್ರಿ ಬಹಳ ಹೊತ್ತು ಹೂಂ ಎನ್ನಲಿಲ್ಲ. ಆ ಹೊತ್ತಿನಲ್ಲಿ ಇನ್ಷಿರಾಹ್ ಮನಸ್ಸಿನಲ್ಲೇ ಕುರ್‌ಆನಿನ ತನ್ನದೇ ಹೆಸರಿನ ಅಧ್ಯಾಯವನ್ನು, ಕಷ್ಟದ ಜೊತೆಗೇ ಸರಾಗವಿದೆ ಎಂದು ಒಡೆಯನು ಎರಡೆರಡು ಸಲ ಹೇಳುವ ಅಧ್ಯಾಯವನ್ನು, ಮೊದಲಿನಿಂದ ಕೊನೆಯವರೆಗೂ ಓದಿಕೊಂಡಳು. ಎರಡನೇ ಸಲ ಶುರುಮಾಡಿದ್ದಳು.

"ತಗೊಂಡು ಬನ್ನಿ" ಎಂದರು ಫಿಕ್ರಿ. "ನಾದಿರ್, ನೀವು ಕೂತ್ಕೊಳ್ಳಿ. ಕಾನೂನು ವಿಭಾಗದವರು ಬರೋವರೆಗೂ ಎಲ್ಲೂ ಹೋಗ್ಬೇಡಿ." ಆಮೇಲೆ ಇನ್ಷಿರಾಹ್‌ಳ ಕಡೆ ಕೈ ಚಾಚಿದರು. "ಅಳತೆ ಎಲ್ಲಿ?"

ಅವಳು ಹತ್ತಿ ಬಿಡಿಸಿ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು. ಶೇಖಾಳನ್ನು ಕುರ್ಚಿಯಲ್ಲಿ ಕೂರಿಸಿ, ಕೈ ತೊಳೆದು ಬಂದು, ಬಾಯಿಗಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು.

"ನಡುಗೋ ಕೈ ಮಾಡಿದ ಕೆಲಸ ಅಲ್ಲ ಇದು" ಎಂದರು, ಯಾರ ಮುಖವನ್ನೂ ನೋಡದೆ.

*

ಅವಳ ಪುಸ್ತಕಕ್ಕೆ ಅವರೇ ಎರಡು ಸಹಿ ಹಾಕಿದರು. ಈನಾಸಳ ಪುಸ್ತಕದ ಕೊನೆಯ ಪುಟದಲ್ಲಿ, ಮುಂದುವರಿಸಲು ಅಡ್ಡಿಯಿಲ್ಲ ಎಂದು ಬರೆದು ತಾರೀಖು ಹಾಕಿದರು. ವಿಚಾರಣೆ ಏನಾಗುತ್ತದೋ ಹೇಳುವಂತಿರಲಿಲ್ಲ. ನಾದಿರನಿಗೆ ದೊಡ್ಡವರ ಪರಿಚಯವಿತ್ತು. ಸಂಜೆಯೊಳಗೆ ಸುದ್ದಿ ಹಳ್ಳಿ ಮುಟ್ಟುತ್ತದೆ, ಅಪ್ಪನಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಬೇಕು. "ನಾನೂ ನಿನ್ನ ಜೊತೆ ಒಳಗೆ ಬರ್ತೀನಿ" ಎಂದಿದ್ದಳು ಶೇಖಾ. "ನನ್ನ ಹಲ್ಲಿನ್ನೂ ಎರಡು ಹಂತ ಬಾಕಿ ಇದೆ. ಅರ್ಧಕ್ಕೆ ಮನೇಲಿ ಕೂರಿಸಿದ್ರೆ ನಿಮ್ಮಪ್ಪನ ಮೇಲೆ ನಂದೂ ದೂರಿದೆ ಅಂತೀನಿ."

ಮಧ್ಯಾಹ್ನದ ಹೊತ್ತಿಗೆ ಮಂಜು ಹರಿದು ಬಿಸಿಲು ಬಂದಿತ್ತು. ಮರಳುವ ದಾರಿಯಲ್ಲಿ ಸಿಗುವ ಇಜ್ಬತ್ ನಸೀಮ್ ಎಂಬ ಸಣ್ಣ ಊರಿನ ಮುಂದೆ ಇನ್ಷಿರಾಹ್ ಗಾಡಿ ನಿಲ್ಲಿಸಲು ಹೇಳಿದಳು. "ಬೇಗ ಬಾ ಡಾಕ್ಟ್ರಮ್ಮಾ" ಎಂದ ಸಿದ್‌ಹೋಮ್. "ನಿಧಾನವಾಗಿ ಬರ್ಲಿ ಬಿಡು" ಎಂದಳು ಶೇಖಾ.

ಈನಾಸ್ ಅಂಗಳದಲ್ಲಿದ್ದಳು. ಬೆಳಗಿನಿಂದ ಬಿಸಿಲಿಲ್ಲದೆ ಉಬ್ಬದೆ ಉಳಿದಿದ್ದ ರೊಟ್ಟಿಯ ಹಿಟ್ಟನ್ನು ಮಣ್ಣಿನ ಬಿಲ್ಲೆಗಳ ಮೇಲೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. ಒಂದು ವರ್ಷದಲ್ಲಿ ಬಹಳ ಇಳಿದಿದ್ದಳು. ತಲೆ ಎತ್ತಿ ನೋಡಿದಳು.

"ಯಾಕೆ ಬಂದೆ?"

"ನಾನು ಕಂಡಿದ್ದೆ ಈನಾಸ್. ಇವತ್ತು ಹೇಳಿದೆ. ಬರೆದು ಕೊಟ್ಟಿದೀನಿ."

ಈನಾಸ್ ಇನ್ನೊಂದು ಬಿಲ್ಲೆಯ ಮೇಲೆ ಹಿಟ್ಟು ಇಟ್ಟಳು. ಅದರ ಅಂಚನ್ನು ಬೆರಳಿನಿಂದ ನಿಧಾನವಾಗಿ ಸುತ್ತ ಒತ್ತಿದಳು.

"ಒಂದು ವರ್ಷ" ಎಂದಳು.

"ಹೌದು."

ಇನ್ಷಿರಾಹ್ ಚೀಲದಿಂದ ಈನಾಸಳ ಹಸಿರು ಪುಸ್ತಕ ತೆಗೆದು, ಕೋಟಿನ ತೋಳಿನಿಂದ ಅದರ ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ನೀಡಿದಳು. ಈನಾಸ್ ತನ್ನ ಹಿಟ್ಟಿನ ಕೈ ನೋಡಿಕೊಂಡಳು. ಲಂಗಕ್ಕೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ತೆಗೆದುಕೊಂಡಳು.